ಎಡವಟ್ಟು ಬಟನ್‌ಗಳು: ಕರ್ನೆಲ್‌ಗೆ ಕೈಹಾಕುವ ಮೊದಲು ಮಾಡಬೇಕಾದ್ದು, ಮಾಡಬಾರದ್ದು

ಲಿನಕ್ಸ್ ಕರ್ನೆಲ್‌ನ ಇನ್‌ಪುಟ್ ವಿಭಾಗಕ್ಕೆ ಮೊದಲ ಪ್ಯಾಚ್ ಬರೆಯಲು ಕೂತವರಿಗೆ ಈ ಸೂಚನೆ. ಬಹಳ ಜನ ಇಲ್ಲಿಗೆ ಬರುವುದು ತಮ್ಮ ಮೇಜಿನ ಮೇಲಿನ ಒಂದು ತೊಂದರೆಯಿಂದ. ಹೊಸ ಲ್ಯಾಪ್‌ಟಾಪ್‌ನ ಒಂದು ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಮೌಸ್‌ನಲ್ಲಿ ಎಂಟು ಬಟನ್ ಇದ್ದರೂ ಐದಕ್ಕೇ ಜೀವ. ಗೇಮ್‌ಪ್ಯಾಡ್‌ನಲ್ಲಿ ಒಂದನ್ನು ಒತ್ತಿದರೆ ಪಕ್ಕದ್ದನ್ನು ಒತ್ತಿದಂತಾಗುತ್ತದೆ. ಸಾಧನದ ಇಂಥ ಎಡವಟ್ಟಿಗೂ ಅದನ್ನು ನಿಭಾಯಿಸಲು ಬರೆದ ಸಾಲುಗಳಿಗೂ ಕರ್ನೆಲ್ ಕೆಲಸದವರು ಕ್ವರ್ಕ್ ಎಂದೇ ಹೇಳುತ್ತಾರೆ. ಪ್ಯಾಚ್ ಹತ್ತು ಸಾಲಿನದ್ದಿರಬಹುದು. ಆ ಹತ್ತು ಸಾಲು ನೀವು ಎಂದೂ ನೋಡದ ಯಂತ್ರಗಳಲ್ಲಿ, ನೀವು ಈ ಕೆಲಸ ಬಿಟ್ಟ ಮೇಲೂ ಓಡುತ್ತಿರುತ್ತವೆ. ಹಾಗಾಗಿ ಕೆಳಗಿನದನ್ನು ಸಲಹೆ ಎಂದು ಓದಬೇಡಿ, ನಿಯಮ ಎಂದೇ ಓದಿ.

ಎಲ್ಲಕ್ಕಿಂತ ಮೊದಲು ಒಂದು ಮಾತು ಗಟ್ಟಿಯಾಗಿ ಮನಸ್ಸಿನಲ್ಲಿರಬೇಕು. ಯಾವ ಬಟನ್ ಒತ್ತಿದರು, ಯಾವಾಗ ಬಿಟ್ಟರು, ಇಷ್ಟನ್ನು ನಿಜವಾಗಿ ಹೇಳುವುದು ಕರ್ನೆಲ್‌ನ ಕೆಲಸ. ಆ ಬಟನ್‌ನಿಂದ ಏನಾಗಬೇಕು ಎಂಬ ತೀರ್ಮಾನ ಅದರ ಮೇಲಿನವರದು. ನಮ್ಮ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೇ ನೋಡಿ. ಕೆ ಎಂಬ ಕೀ ಒತ್ತಿದಾಗ ಪರದೆಯ ಮೇಲೆ ‘ಕ’ ಮೂಡುತ್ತದೆ. ಕರ್ನೆಲ್‌ಗೆ ‘ಕ’ ಗೊತ್ತೇ ಇಲ್ಲ; ಅದು ಕೊಡುವುದು 37 ಎಂಬ ಕೀ ಕೋಡ್ ಮಾತ್ರ. ಎಕ್ಸ್ ವಿಂಡೋ ವ್ಯವಸ್ಥೆ ಅದಕ್ಕೆ 8 ಸೇರಿಸಿ 45 ಮಾಡಿಕೊಳ್ಳುತ್ತದೆ, ಎಕ್ಸ್‌ಕೆಬಿ ವಿನ್ಯಾಸದ ಕಡತ ಆ 45ನ್ನು ‘ಕ’ ಮಾಡುತ್ತದೆ. ಅಕ್ಷರ ತಪ್ಪಾಗಿ ಮೂಡಿದರೆ ತಿದ್ದಬೇಕಾದ್ದು ಆ ವಿನ್ಯಾಸವನ್ನು. ಕರ್ನೆಲ್ ಮುಟ್ಟಬಾರದು.

ದಾಖಲೆ ಇಲ್ಲದೆ ಒಂದು ಸಾಲೂ ಬರೆಯಬಾರದು

ಬಟನ್ ಕೆಲಸ ಮಾಡುತ್ತಿಲ್ಲ ಎಂಬುದು ದೂರು, ದಾಖಲೆ ಅಲ್ಲ. ಇವ್‌ಟೆಸ್ಟ್ ಎಂಬ ಸಲಕರಣೆ ಓಡಿಸಿ, ಆ ಬಟನ್ ಒತ್ತಿ, ಬರುವ ಸಾಲುಗಳನ್ನು ಬರೆದಿಟ್ಟುಕೊಳ್ಳಿ. ಕೀ ಕೋಡ್‌ನ ಜೊತೆಗೆ ಸ್ಕ್ಯಾನ್ ಸಂಖ್ಯೆಯೂ ಅಲ್ಲಿ ಕಾಣುತ್ತದೆ, ಯುಎಸ್‌ಬಿ ಸಾಧನಗಳಲ್ಲಿ ಅದನ್ನು ಓದುವುದು ಸುಲಭ. ಮೌಸ್‌ನ ಎಡ ಬಟನ್‌ಗೆ ಹೆಕ್ಸಾಡೆಸಿಮಲ್‌ನಲ್ಲಿ 90001 ಎಂದು ಬರುತ್ತದೆ. ಮೊದಲಿನ 9 ಎಂದರೆ ಎಚ್‌ಐಡಿ ನಿಯಮಾವಳಿಯ ಬಟನ್ ಪುಟ, ಕೊನೆಯ 1 ಎಂದರೆ ಆ ಪುಟದ ಮೊದಲ ಬಟನ್. 70004 ಬಂದರೆ 7ನೇ ಪುಟ, ಅಂದರೆ ಕೀಬೋರ್ಡ್. 4 ಎಂದರೆ ಎ ಅಕ್ಷರದ ಕೀ. ಈ ಸಂಖ್ಯೆ ಸರಿಯಾಗಿ ಬಂದು ಕೀ ಕೋಡ್ ತಪ್ಪಿದ್ದರೆ ಒಂದು ರೋಗ. ಸಂಖ್ಯೆಯೇ ಬಾರದಿದ್ದರೆ ಇನ್ನೊಂದು. ಎರಡಕ್ಕೂ ಔಷಧ ಬೇರೆ.

ಲ್ಯಾಪ್‌ಟಾಪ್‌ನ ಒಳಗಿನ ಕೀಬೋರ್ಡ್ ಹಳೆಯ ಎಟಿ ಮಾದರಿಯದಾಗಿದ್ದರೆ ಕರ್ನೆಲ್ ಸಂದೇಶಗಳನ್ನು ತೋರಿಸುವ ಡಿಮೆಸೆಜ್ ನೋಡಿ. ಗೊತ್ತಿಲ್ಲದ ಕೀ ಒತ್ತಿದಾಗ ಎಟಿಕೆಬಿಡಿ ಡ್ರೈವರ್ ಆ ಸ್ಕ್ಯಾನ್ ಕೋಡ್ ಸಮೇತ ಎಚ್ಚರಿಕೆಯ ಸಾಲು ಬರೆಯುತ್ತದೆ. ಎಷ್ಟೋ ಸಲ ಹುಡುಕಾಟ ಆ ಒಂದು ಸಾಲಿನಲ್ಲೇ ಮುಗಿಯುತ್ತದೆ.

ಇವ್‌ಟೆಸ್ಟ್‌ನಲ್ಲಿ ಏನೂ ಬಾರದಿದ್ದರೆ ಇನ್ನೂ ಕೆಳಗಿಳಿಯಬೇಕು. ಹಿಡ್-ರೆಕಾರ್ಡರ್ ಎಂಬ ಸಲಕರಣೆ ಸಾಧನ ಕಳಿಸುವ ಕಚ್ಚಾ ಬೈಟ್‌ಗಳನ್ನೂ ಅದರ ರಿಪೋರ್ಟ್ ಡಿಸ್ಕ್ರಿಪ್ಟರನ್ನೂ ದಾಖಲಿಸುತ್ತದೆ. ರಿಪೋರ್ಟ್ ಡಿಸ್ಕ್ರಿಪ್ಟರ್ ಎಂದರೆ ಸಾಧನವು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ವಿವರಣೆ: ನನ್ನಲ್ಲಿ ಇಷ್ಟು ಬಟನ್ ಇವೆ, ಅವು ಈ ಬೈಟ್‌ನ ಈ ಬಿಟ್‌ಗಳಲ್ಲಿ ಬರುತ್ತವೆ ಎಂದು. ಹೀಗೆ ತೆಗೆದ ದಾಖಲೆಯನ್ನು ಹಿಡ್-ರಿಪ್ಲೇ ಮೂಲಕ ಬೇರೆ ಯಂತ್ರದಲ್ಲಿ ಮತ್ತೆ ಓಡಿಸಬಹುದು. ಸಾಧನ ಕೈಯಲ್ಲಿಲ್ಲದ ಮೇಂಟೇನರ್ ನಿಮ್ಮ ಪ್ಯಾಚನ್ನು ಪರೀಕ್ಷಿಸುವುದು ಹೀಗೆಯೇ.

ಇಲ್ಲಿ ಒಂದು ಎಚ್ಚರಿಕೆ, ಕಡ್ಡಾಯವಾಗಿ ಪಾಲಿಸಬೇಕಾದ್ದು. ದಾಖಲೆ ಓಡುತ್ತಿರುವಾಗ ಆ ಕೀಬೋರ್ಡ್‌ನಲ್ಲಿ ಪಾಸ್‌ವರ್ಡ್ ಹೊಡೆಯಬಾರದು. ಇವ್‌ಟೆಸ್ಟ್, ಹಿಡ್-ರೆಕಾರ್ಡರ್ ಎರಡೂ ಪ್ರತಿ ಕೀಯನ್ನೂ ಇದ್ದದ್ದಿದ್ದ ಹಾಗೆ ಬರೆಯುತ್ತವೆ. ಲಿಬ್‌ಇನ್‌ಪುಟ್ ರೆಕಾರ್ಡ್ ಮಾತ್ರ ನೀವಾಗಿ ಕೇಳದ ಹೊರತು ಅಕ್ಷರದ ಕೀಗಳನ್ನು ಮರೆಮಾಚುತ್ತದೆ. ಬೇರೆಯವರ ಯಂತ್ರದ ದಾಖಲೆ ಕೇಳುವಾಗ ಈ ಮಾತನ್ನು ನೀವೇ ಮೊದಲು ಹೇಳಬೇಕು. ಅವರಿಗೆ ಗೊತ್ತಿರುವುದಿಲ್ಲ.

ತಪ್ಪು ಯಾವ ಮಹಡಿಯದೋ ಅಲ್ಲೇ ತಿದ್ದಬೇಕು

ಸ್ಕ್ಯಾನ್ ಕೋಡ್ ಸರಿ, ಅದಕ್ಕೆ ತಗುಲಿಸಿದ ಕೀ ಮಾತ್ರ ತಪ್ಪು ಎಂದಾದರೆ ಕರ್ನೆಲ್ ಪ್ಯಾಚ್ ಬರೆಯಬಾರದು. ಅದಕ್ಕೆಂದೇ ಯುಡೆವ್‌ನ ಹಾರ್ಡ್‌ವೇರ್ ಡೇಟಾಬೇಸ್ ಇದೆ, ಕೀಬೋರ್ಡ್‌ಗಳಿಗೆ ಮೀಸಲಾದ ಕಡತವೂ ಅದರಲ್ಲಿದೆ. ನಿಮ್ಮ ಯಂತ್ರದಲ್ಲಿ ಎರಡು ಸಾಲು ಸೇರಿಸಿ, ಡೇಟಾಬೇಸ್ ನವೀಕರಿಸಿ, ಯುಡೆವ್‌ಗೆ ಟ್ರಿಗರ್ ಕೊಟ್ಟರೆ ಮರುಬೂಟ್ ಕೂಡ ಇಲ್ಲದೆ ಫಲ ಕಾಣುತ್ತದೆ. ಸರಿಹೋದ ಮೇಲೆ ಆ ಸಾಲುಗಳನ್ನು ಸಿಸ್ಟಮ್‌ಡಿ ಯೋಜನೆಗೆ ಕಳಿಸಿ. ತಮ್ಮಲ್ಲೇ ಇಟ್ಟುಕೊಂಡು ಸುಮ್ಮನಾಗುವವರು ಬಹಳ. ಅದೇ ಲ್ಯಾಪ್‌ಟಾಪ್ ಕೊಂಡ ಮುಂದಿನವರು ಮತ್ತೆ ಮೊದಲಿನಿಂದ ಹುಡುಕುತ್ತಾರೆ.

ಹಳೆಯ ಮೌಸ್‌ನ ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗುವುದುಂಟು. ಸ್ವಿಚ್‌ನ ಲೋಹದ ಪಟ್ಟಿ ಸವೆದು ಅದುರುತ್ತಿರುತ್ತದೆ. ಅದಕ್ಕಾಗಿ ಆ ಮೌಸ್‌ಗೆ ಕರ್ನೆಲ್‌ನಲ್ಲಿ ಟೈಮರ್ ಹಾಕಬಾರದು. ಮೇಲಿನ ಹಂತದ ಲಿಬ್‌ಇನ್‌ಪುಟ್ ಲೈಬ್ರರಿ ಅದನ್ನು ಗುರುತಿಸಿ, 25 ಮಿಲಿಸೆಕೆಂಡ್‌ನೊಳಗಿನ ಅದುರನ್ನು ನುಂಗಿಕೊಳ್ಳುತ್ತದೆ. ನೇರವಾಗಿ ಜಿಪಿಐಒ ತಂತಿಗೆ ಕಟ್ಟಿದ ಬಟನ್‌ಗಳ ವಿಷಯ ಬೇರೆ. ಅಲ್ಲಿ ಅದುರು ತಡೆಯಬೇಕಾದ್ದು ಕರ್ನೆಲ್‌ನ ಜಿಪಿಐಒ-ಕೀಸ್ ಡ್ರೈವರೇ, ಡಿವೈಸ್ ಟ್ರೀಯಲ್ಲಿ ಬೇರೆ ಹೇಳದಿದ್ದರೆ ಅದರ ಅವಧಿ 5 ಮಿಲಿಸೆಕೆಂಡ್.

ಕ್ಲಿಕ್‌ಪ್ಯಾಡ್ ತನ್ನಲ್ಲಿಲ್ಲದ ಬಲ ಬಟನ್ ಇದೆ ಎಂದು ಹೇಳಿಕೊಂಡರೆ ಅದು ಲಿಬ್‌ಇನ್‌ಪುಟ್‌ನ ಕ್ವರ್ಕ್ ಕಡತಕ್ಕೆ ಹೋಗಬೇಕು. ಡಬ್ಲ್ಯುಎಂಐ ಅಥವಾ ಎಸಿಪಿಐ ಮೂಲಕ ಬರುವ ತಯಾರಕರ ವಿಶೇಷ ಬಟನ್ ಆದರೆ ಪ್ಲಾಟ್‌ಫಾರ್ಮ್ ಡ್ರೈವರ್‌ನ ಸ್ಪಾರ್ಸ್ ಕೀಮ್ಯಾಪ್ ಕೋಷ್ಟಕಕ್ಕೆ. ಅಲ್ಲಿ ಒಂದೇ ಒತ್ತಿಗೆ ಎರಡು ಕಡೆಯಿಂದ ಸುದ್ದಿ ಬರುವುದು ಸಾಮಾನ್ಯ. ಪರದೆಯ ಬೆಳಕಿನ ಕೀ ಎಸಿಪಿಐ ವಿಡಿಯೋ ಡ್ರೈವರ್‌ನಿಂದಲೂ ತಯಾರಕರ ಡ್ರೈವರ್‌ನಿಂದಲೂ ಬಂದು ಬೆಳಕು ಎರಡೆರಡು ಮೆಟ್ಟಿಲು ಜಿಗಿಯುತ್ತದೆ. ಎರಡರಲ್ಲೊಂದನ್ನು ಕೋಷ್ಟಕದಲ್ಲಿ ‘ಇಗ್ನೋರ್’ ಎಂದು ಸ್ಪಷ್ಟವಾಗಿ ಬರೆಯಿರಿ, ಸಾಲನ್ನೇ ಅಳಿಸಬೇಡಿ. ಅಳಿಸಿದರೆ ಆ ಕೋಡ್ ‘ಗೊತ್ತಿಲ್ಲದ ಕೀ’ ಆಗಿ, 240 ಎಂಬ ಸಂಖ್ಯೆಯಲ್ಲಿ ಮೇಲಕ್ಕೆ ಹೋಗುತ್ತಲೇ ಇರುತ್ತದೆ.

ಸಾಧನ ತನ್ನ ವಿವರಣೆಯನ್ನೇ ತಪ್ಪು ಹೇಳುತ್ತಿದ್ದರೆ ಮಾತ್ರ ಕರ್ನೆಲ್‌ನ ಎಚ್‌ಐಡಿ ಡ್ರೈವರ್‌ನ ಸರದಿ.

ಡಿಸ್ಕ್ರಿಪ್ಟರ್ ತಿದ್ದುವವರು ಅಳೆದೇ ಮುಟ್ಟಬೇಕು

ಈ ಕೆಲಸ ಹೇಗೆ ಮಾಡುತ್ತಾರೆ ಎಂದು ತಿಳಿಯಲು ಎಲೆಕಾಮ್ ಟ್ರ್ಯಾಕ್‌ಬಾಲ್‌ಗಳ ಡ್ರೈವರ್ ಓದಿ. ಚಿಕ್ಕದು, ಅರ್ಧ ಗಂಟೆ ಸಾಕು. ಆ ಕಂಪನಿಯ ಇಎಕ್ಸ್-ಜಿ ಟ್ರ್ಯಾಕ್‌ಬಾಲ್‌ನಲ್ಲಿ ಆರು ಬಟನ್ ಇವೆ, ಡಿಸ್ಕ್ರಿಪ್ಟರ್ ಐದು ಎನ್ನುತ್ತದೆ. ಡೆಫ್ಟ್ ಮತ್ತು ಹ್ಯೂಜ್ ಮಾದರಿಗಳಲ್ಲಿ ಎಂಟು. ಹೆಚ್ಚಿನ ಬಟನ್‌ಗಳ ಬಿಟ್‌ಗಳು ಸಾಧನದಿಂದ ಬರುತ್ತಲೇ ಇರುತ್ತವೆ. ಆದರೆ ಡಿಸ್ಕ್ರಿಪ್ಟರ್ ಅವನ್ನು ಭರ್ತಿ ಬಿಟ್ ಎಂದು ಕರೆದಿರುವುದರಿಂದ ಕರ್ನೆಲ್ ಅವುಗಳ ಕಡೆ ನೋಡುವುದಿಲ್ಲ. ಡ್ರೈವರ್ ಮಾಡುವುದು ಮೂರೇ ಕೆಲಸ: ಬಟನ್ ಎಣಿಕೆ ತಿದ್ದುತ್ತದೆ, ಕೊನೆಯ ಬಟನ್‌ನ ಸಂಖ್ಯೆ ತಿದ್ದುತ್ತದೆ, ಭರ್ತಿ ಬಿಟ್‌ಗಳನ್ನು ಎಂಟರಿಂದ ಕಳೆದು ಉಳಿದಷ್ಟು ಮಾಡುತ್ತದೆ. ಆರು ಬಟನ್‌ಗೆ ಎರಡು ಭರ್ತಿ, ಎಂಟಕ್ಕೆ ಸೊನ್ನೆ. ಒಟ್ಟು ಉದ್ದ ಮಾತ್ರ ಬದಲಾಗಕೂಡದು. ಬದಲಾದರೆ ಅದರ ಹಿಂದೆ ಬರುವ ಎಕ್ಸ್, ವೈ ಚಲನೆಯ ಬೈಟ್‌ಗಳು ಸರಿದುಹೋಗಿ ಕರ್ಸರ್ ಪರದೆಯ ತುಂಬ ಹಾರಾಡುತ್ತದೆ.

ಅದೇ ಡ್ರೈವರ್‌ನಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಬೈಟ್ ಬದಲಿಸುವ ಮೊದಲು ಅದು ಡಿಸ್ಕ್ರಿಪ್ಟರ್‌ನ ಒಟ್ಟು ಉದ್ದ ನೋಡುತ್ತದೆ, ಆಮೇಲೆ ಆಯಾ ಜಾಗದಲ್ಲಿ ನಿರೀಕ್ಷಿಸಿದ ಬೈಟ್‌ಗಳೇ ಇವೆಯೇ ಎಂದು ಹೋಲಿಸುತ್ತದೆ. ಒಂದು ಹೊಂದದಿದ್ದರೂ ಏನನ್ನೂ ಮುಟ್ಟದೆ ಹಿಂತಿರುಗುತ್ತದೆ. ನೀವೂ ಹೀಗೇ ಮಾಡಬೇಕು. ತಯಾರಕರು ನಾಳೆ ಫರ್ಮ್‌ವೇರ್ ಸರಿಪಡಿಸಿ ಅದೇ ಐಡಿಯಲ್ಲಿ ಮಾರಬಹುದು. ಆಗ ನಿಮ್ಮ ತಿದ್ದುಪಡಿ ಸರಿಯಿದ್ದದ್ದನ್ನು ಕೆಡಿಸುತ್ತದೆ.

ಉದ್ದ ನೋಡುವುದನ್ನು ಕಾಟಾಚಾರಕ್ಕೆ ಮಾಡಬೇಡಿ ಎಂದು ಒತ್ತಿ ಹೇಳಲು ನನಗೆ ಕಾರಣವಿದೆ. ಚೆರ‍್ರಿ ಸೈಮೋಷನ್ ಕೀಬೋರ್ಡ್‌ನ ಡಿಸ್ಕ್ರಿಪ್ಟರ್ ವಿಶೇಷ ಕೀಗಳ ಗರಿಷ್ಠ ಸಂಖ್ಯೆಯನ್ನು 572 ಎಂದು ಹೇಳುತ್ತದೆ. ಆದರೆ ಅದರ ಮೂರು ಪ್ರೋಗ್ರಾಮ್ ಕೀಗಳ ಸಂಖ್ಯೆ 769, 770, 771. ಮಿತಿಯ ಆಚೆ ಬಿದ್ದ ಆ ಮೂರೂ ಕೀಗಳು ಕೆಲಸ ಮಾಡಬೇಕಾದರೆ ಮಿತಿ ಏರಲೇಬೇಕು. ಡ್ರೈವರ್ ಆ ಮಿತಿಯನ್ನು 1023ಕ್ಕೆ ಏರಿಸುತ್ತದೆ, ಇದಕ್ಕಾಗಿ 17ನೇ ಕ್ರಮಸಂಖ್ಯೆಯ ಬೈಟ್‌ವರೆಗೆ ಬರೆಯುತ್ತದೆ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಡಿಸ್ಕ್ರಿಪ್ಟರ್ ಕನಿಷ್ಠ 18 ಬೈಟ್ ಇರಬೇಕು. ಕೋಡ್‌ನಲ್ಲಿ 17 ಇದ್ದರೆ ಸಾಕು ಎಂದಿತ್ತು. ಒಂದೇ ಒಂದು ಬೈಟ್ ಅಂತರ. 2014ರಲ್ಲಿ ಇದು ಸಿವಿಇ-2014-3184 ಎಂಬ ಭದ್ರತಾ ದೋಷವಾಗಿ ದಾಖಲಾಯಿತು: ಬೇಕೆಂದೇ ಗಿಡ್ಡ ಡಿಸ್ಕ್ರಿಪ್ಟರ್ ಕಳಿಸುವ ಯುಎಸ್‌ಬಿ ಸಾಧನವೊಂದನ್ನು ಚುಚ್ಚಿದರೆ ಕರ್ನೆಲ್ ತನ್ನದಲ್ಲದ ಸ್ಮೃತಿಯಲ್ಲಿ ಬರೆಯುತ್ತಿತ್ತು. ಚೆರ‍್ರಿ ಒಂದೇ ಅಲ್ಲ, ಕೆವೈಇ, ಎಲ್‌ಜಿ, ಮಾಂಟೆರೆ, ಪೆಟಲಿಂಕ್ಸ್, ಸನ್‌ಪ್ಲಸ್ ಡ್ರೈವರ್‌ಗಳಲ್ಲೂ ಇದೇ ಬಗೆಯ ತಪ್ಪು ಸಿಕ್ಕಿತು. 3.16.2ರಲ್ಲಿ ಸರಿಪಡಿಸಿದರು. ಕೆಲವೇ ಬಟನ್‌ಗಳಿಗಾಗಿ ಬರೆದ ಸಾಲುಗಳು ಇಡೀ ಯಂತ್ರದ ಬಾಗಿಲು ತೆರೆದಿಟ್ಟಿದ್ದವು. ಬರೆದವರು ಅಸಡ್ಡೆಯ ಜನರಲ್ಲ. ತಿಳಿದವರೂ ಇಲ್ಲಿ ಎಡವುತ್ತಾರೆ ಎಂಬುದಕ್ಕೇ ಈ ನಿಯಮ.

ಈಗ ಹೊಸ ದಾರಿಯೂ ಇದೆ. 2023ರ 6.3 ಆವೃತ್ತಿಯಿಂದ ಕರ್ನೆಲ್‌ನಲ್ಲಿ ಹಿಡ್-ಬಿಪಿಎಫ್ ಇದೆ. ಡಿಸ್ಕ್ರಿಪ್ಟರ್ ತಿದ್ದುಪಡಿಯನ್ನು ಚಿಕ್ಕ ಬಿಪಿಎಫ್ ಪ್ರೋಗ್ರಾಮ್ ಆಗಿ ಬರೆದು, ಕರ್ನೆಲ್ ಮರುಕಂಪೈಲ್ ಮಾಡದೆ ಲೋಡ್ ಮಾಡಬಹುದು. ಲೋಡ್ ಆಗುವ ಮೊದಲು ವೆರಿಫೈಯರ್ ಅದನ್ನು ಪರಿಶೀಲಿಸುತ್ತದೆ. ಮೇಲೆ ಹೇಳಿದ ಒಂದು ಬೈಟ್‌ನ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಒಂದೆರಡು ಬೈಟ್‌ನ ತಿದ್ದುಪಡಿಯಾದರೆ ಮೊದಲು ಇದನ್ನೇ ಪ್ರಯತ್ನಿಸಿ.

ಇರುವ ಕೋಡ್ ತಪ್ಪೆನಿಸಿದರೂ ಬದಲಿಸಬಾರದು

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಅಂದವಾಗಿಲ್ಲ ಎಂದು ಕಂಡದ್ದನ್ನೆಲ್ಲ ತಿದ್ದಲು ಕೈ ತುರಿಸುತ್ತದೆ. ತಡೆಯಿರಿ.

ಮೌಸ್‌ನ ಬಟನ್‌ಗಳಿಗೆ ಕರ್ನೆಲ್ 272ರಿಂದ ಸಾಲಾಗಿ ಸಂಖ್ಯೆ ಕೊಡುತ್ತದೆ. ಎಡ 272, ಬಲ 273, ನಡುವಿನದು 274, ನಾಲ್ಕನೆಯದು 275, ಐದನೆಯದು 276. ನಾಲ್ಕು ಮತ್ತು ಐದಕ್ಕೆ ಕೋಡ್‌ನಲ್ಲಿ ಸೈಡ್, ಎಕ್ಸ್‌ಟ್ರಾ ಎಂದು ಹೆಸರು. ಬ್ರೌಸರ್‌ನಲ್ಲಿ ಅವು ಹಿಂದೆ, ಮುಂದೆ ಹೋಗುತ್ತವೆ. ಪಟ್ಟಿಯಲ್ಲೇ ಮುಂದೆ 277, 278 ಎಂಬ ಜಾಗದಲ್ಲಿ ಫಾರ್ವರ್ಡ್, ಬ್ಯಾಕ್ ಎಂಬ ಹೆಸರುಗಳೂ ಇವೆ. ಹೆಸರಿಗೆ ತಕ್ಕಂತೆ ನನ್ನ ಮೌಸನ್ನು 278ಕ್ಕೆ ಬದಲಿಸುತ್ತೇನೆ ಎಂದು ಹೊರಟವರನ್ನು ನೋಡಿದ್ದೇನೆ. ಬದಲಿಸಬಾರದು. 275 ಬಂದರೆ ಹಿಂದೆ ಎಂದು ಇಡೀ ಡೆಸ್ಕ್‌ಟಾಪ್ ಲೋಕ ಅರ್ಥಮಾಡಿಕೊಂಡಾಗಿದೆ.

ಗೇಮ್‌ಪ್ಯಾಡ್‌ಗಳ ಕಥೆ ಇನ್ನೂ ಬಿಗಿಯಾದದ್ದು. ಕರ್ನೆಲ್ ದಸ್ತಾವೇಜಿನ ಗೇಮ್‌ಪ್ಯಾಡ್ ನಿಯಮದಂತೆ ಬಲಗೈ ಹೆಬ್ಬೆರಳಿನ ನಾಲ್ಕು ಬಟನ್‌ಗಳನ್ನು ದಿಕ್ಕಿನ ಹೆಸರಿನಲ್ಲಿ ಹೇಳಬೇಕು: ದಕ್ಷಿಣ 304, ಪೂರ್ವ 305, ಉತ್ತರ 307, ಪಶ್ಚಿಮ 308. ದಿಕ್ಕು ಏಕೆಂದರೆ ಒಂದು ಕಂಪನಿ ಎ ಎಂದು ಬರೆದ ಜಾಗದಲ್ಲಿ ಇನ್ನೊಂದು ಕಂಪನಿ ಬಿ ಎಂದು ಬರೆಯುತ್ತದೆ. ಆದರೆ 307ಕ್ಕೆ ಎಕ್ಸ್ ಎಂಬ ಹಳೆಯ ಹೆಸರೂ ಇದೆ. ಎಕ್ಸ್‌ಬಾಕ್ಸ್ ಪ್ಯಾಡ್‌ನಲ್ಲಿ ಎಕ್ಸ್ ಇರುವುದು ಪಶ್ಚಿಮಕ್ಕೆ. ಎಕ್ಸ್‌ಪ್ಯಾಡ್ ಡ್ರೈವರ್ ಅದನ್ನು ಹಳೆಯ ಹೆಸರಿನಿಂದ 307 ಎಂದೇ ಕಳಿಸುತ್ತದೆ, ಅಂದರೆ ನಿಯಮದ ಲೆಕ್ಕದಲ್ಲಿ ಉತ್ತರ. ತಪ್ಪು ಹೌದು. ಆದರೂ ಆ ಡ್ರೈವರನ್ನು ಮುಟ್ಟಬಾರದು: ಆಟಗಳೂ ಲೈಬ್ರರಿಗಳೂ ಆ ತಪ್ಪನ್ನು ಸರಿಹೊಂದಿಸಿಕೊಂಡು ಬರೆದಾಗಿವೆ, ನೀವು ತಿದ್ದಿದ ದಿನ ಅವೆಲ್ಲ ಒಟ್ಟಿಗೆ ಕೆಡುತ್ತವೆ. ಬಳಕೆದಾರರ ಬಳಿ ನಿನ್ನೆ ನಡೆಯುತ್ತಿದ್ದುದು ಇವತ್ತು ನಿಲ್ಲಬಾರದು ಎಂಬುದು ಲಿನಕ್ಸ್ ಕರ್ನೆಲ್‌ನ ಅತ್ಯಂತ ಕಟ್ಟುನಿಟ್ಟಿನ ನಿಯಮ. ಇದಕ್ಕೆ ವಿನಾಯಿತಿ ಕೇಳಬೇಡಿ.

ಬದಲಿಸದೆ ಬೇರೆ ದಾರಿಯೇ ಇಲ್ಲದಾಗ ಹೇಗೆ ಮಾಡಬೇಕು? ಸೋನಿ ಡ್ರೈವರ್ ನೋಡಿ. ಪ್ಲೇಸ್ಟೇಷನ್ ಪ್ಯಾಡ್‌ಗಳನ್ನು ದಿಕ್ಕಿನ ನಿಯಮಕ್ಕೆ ತಂದಾಗ, ಸಾಧನದ 16 ಬಿಟ್‌ನ ಆವೃತ್ತಿ ಸಂಖ್ಯೆಯ ಅತಿ ಮೇಲಿನ ಬಿಟ್ ಅನ್ನು ಹೊತ್ತಿಸಿಟ್ಟರು. ಎಸ್‌ಡಿಎಲ್ ಲೈಬ್ರರಿ ಪ್ಯಾಡನ್ನು ಗುರುತಿಸುವಾಗ ಆವೃತ್ತಿ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಇದು ಹಳೆಯ ವಿನ್ಯಾಸ, ಇದು ಹೊಸದು ಎಂದು ಅದಕ್ಕೆ ತಿಳಿಯುತ್ತದೆ. ಬದಲಾವಣೆ ಮಾಡಿದವರು ಮೇಲಿನವರಿಗೆ ಗುರುತು ಬಿಟ್ಟರು. ಗುರುತು ಬಿಡದ ಬದಲಾವಣೆ ಬೇಡ.

ಅಡ್ಡದಾರಿಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂಬುದಕ್ಕೂ ಒಂದು ಉದಾಹರಣೆ ಹೇಳಬೇಕು. ಎಕ್ಸ್ ವ್ಯವಸ್ಥೆಯಲ್ಲಿ ಕೀ ಕೋಡ್ 255 ದಾಟುವಂತಿಲ್ಲ. ಎಂಟು ಸೇರುವುದರಿಂದ ಕರ್ನೆಲ್‌ನ 247ರ ಆಚೆಯ ಕೀಗಳು ಅಲ್ಲಿ ತಲುಪುವುದಿಲ್ಲ. ಮೈಕ್ ಮ್ಯೂಟ್ ಕೀಯ ಸಂಖ್ಯೆ 248. ಟಚ್‌ಪ್ಯಾಡ್ ಆನ್-ಆಫ್ ಕೀ 530. ಲ್ಯಾಪ್‌ಟಾಪ್‌ಗಳಲ್ಲಿ ಅವು ಕೆಲಸ ಮಾಡಲೆಂದು ಯಾರೂ ಬಳಸದ ಎಫ್20, ಎಫ್21 ಕೋಡ್‌ಗಳನ್ನು ಅವುಗಳಿಗೆ ಕೊಟ್ಟರು. ಎಫ್22 ಟಚ್‌ಪ್ಯಾಡ್ ಆನ್, ಎಫ್23 ಆಫ್ ಎಂದು ವಿನ್ಯಾಸದ ಕಡತದಲ್ಲೂ ಸೇರಿತು. ಅಂದಿಗೆ ಅದು ಸಮಂಜಸವೇ ಆಗಿತ್ತು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಕೀ ಪ್ರಕಟಿಸಿತು. ಆ ಒಂದು ಬಟನ್ ಒತ್ತಿದರೆ ಫರ್ಮ್‌ವೇರ್ ಕಳಿಸುವುದು ಮೂರು ಕೀ: ಎಡ ವಿಂಡೋಸ್, ಎಡ ಶಿಫ್ಟ್, ಎಫ್23. ಯಾರೂ ಬಳಸದ ಕೀ ಎಂದು ಎರಡು ಕಡೆಯವರೂ ಅದನ್ನೇ ಆರಿಸಿಕೊಂಡಿದ್ದರು.

ಈ ಕೀಯ ವಿಷಯದಲ್ಲಿ ಮೂರನ್ನೂ ಕೂಡಿಸಿ ಒಂದೇ ಕೀ ಎಂದು ಕರ್ನೆಲ್ ಹೇಳಿಬಿಡಲಿ ಎನ್ನುವವರಿದ್ದಾರೆ. ಹಾಗೆ ಮಾಡಬಾರದು. ಬಳಕೆದಾರರು ನಿಜವಾಗಿ ಮೂರು ಕೀ ಒತ್ತಿದರೋ, ಫರ್ಮ್‌ವೇರ್ ಒತ್ತಿತೋ ಎಂದು ಕರ್ನೆಲ್‌ಗೆ ತಿಳಿಯುವ ದಾರಿಯಿಲ್ಲ. ತಿಳಿಯದ್ದನ್ನು ಊಹಿಸಿ ಹೇಳುವುದು ಸುಳ್ಳು ಹೇಳಿದಂತೆ. ಮೂರನ್ನೂ ಬಂದಂತೆ ಕಳಿಸಬೇಕು. ಈ ಕೀ ಬಲ ಕಂಟ್ರೋಲ್ ಆಗಬೇಕು ಎನ್ನುವವರಿಗೆ ಕೀಡಿ ತರಹದ ಮರುಜೋಡಣೆಯ ಸಲಕರಣೆಗಳು ಮೇಲಿನ ಹಂತದಲ್ಲಿವೆ.

ಒತ್ತಿದ್ದನ್ನು ಹೇಳಿದರೆ ಬಿಟ್ಟದ್ದನ್ನೂ ಹೇಳಬೇಕು

ನಮ್ಮಕ್ಕ ಶಾಲೆಯಲ್ಲಿ ಪಾಠ ಮಾಡುವವಳು. ಒಮ್ಮೆ ತರಗತಿಯಲ್ಲಿ ಮಕ್ಕಳಿಗೆ ಹಕ್ಕಿಗಳ ವಿಡಿಯೋ ತೋರಿಸುತ್ತ ಲ್ಯಾಪ್‌ಟಾಪ್‌ನಲ್ಲಿ ಧ್ವನಿ ಹೆಚ್ಚಿಸುವ ಕೀಯನ್ನು ಒಂದು ಸಲ ಒತ್ತಿದಳು. ಧ್ವನಿ ಏರುತ್ತಲೇ ಹೋಯಿತು, ತುದಿ ಮುಟ್ಟುವವರೆಗೂ ನಿಲ್ಲಲಿಲ್ಲ. ಬೇರೆ ಕೀ ಒತ್ತಿದಾಗಷ್ಟೇ ನಿಂತಿತು. ಯಂತ್ರ ಕೆಟ್ಟಿದೆ ಎಂದುಕೊಂಡು ಅವಳು ಆ ವರ್ಷ ಅದನ್ನು ತರಗತಿಗೆ ಒಯ್ಯುವುದನ್ನೇ ಬಿಟ್ಟಳು. ನೋಡಿದರೆ ಆ ಕೀ ಒತ್ತಿದ ಸುದ್ದಿ ಬರುತ್ತಿತ್ತು, ಬಿಟ್ಟ ಸುದ್ದಿ ಬರುತ್ತಲೇ ಇರಲಿಲ್ಲ. ಯುಡೆವ್ ಡೇಟಾಬೇಸ್‌ನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ಇದು ಅಪರೂಪದ ರೋಗವಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ವಿಶೇಷ ಕೀಗಳಿಗೆ ಬಿಟ್ಟ ಸುದ್ದಿ ಕಳಿಸುವುದಿಲ್ಲ. ಬಿಡದ ಕೀಯನ್ನು ಮೇಲಿನವರು ಪುನರಾವರ್ತಿಸುತ್ತಾರೆ. ಕರ್ನೆಲ್‌ನ ಇನ್‌ಪುಟ್ ಕೋರ್ ತಾನೇ ಪುನರಾವರ್ತಿಸುವಾಗ 250 ಮಿಲಿಸೆಕೆಂಡ್ ಕಾದು ಆಮೇಲೆ 33 ಮಿಲಿಸೆಕೆಂಡ್‌ಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 30 ಸಲ ಒತ್ತುತ್ತದೆ. ಡೆಸ್ಕ್‌ಟಾಪ್‌ಗಳಿಗೂ ತಮ್ಮದೇ ಪುನರಾವರ್ತನೆ ಇದೆ. ಎಟಿ ಕೀಬೋರ್ಡ್ ಆದರೆ ಡೇಟಾಬೇಸ್ ಸಾಲಿನಲ್ಲಿ ಕೀಯ ಹೆಸರಿಗೆ ಮೊದಲು ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಡ್ರೈವರ್ ಬಿಟ್ಟ ಸುದ್ದಿಯನ್ನು ತಾನೇ ಸೇರಿಸುತ್ತದೆ. ಡಬ್ಲ್ಯುಎಂಐ ಬಟನ್ ಆದರೆ ಸ್ಪಾರ್ಸ್ ಕೀಮ್ಯಾಪ್‌ನ ಸ್ವಯಂ ಬಿಡುಗಡೆಯನ್ನು ಬಳಸಿ. ನೀವೇ ಕೈಯಾರೆ ಬರೆಯುತ್ತಿದ್ದರೆ ಒತ್ತಿದ್ದು, ಸಿಂಕ್, ಬಿಟ್ಟದ್ದು, ಸಿಂಕ್ ಎಂಬ ಕ್ರಮ ತಪ್ಪಬಾರದು. ನಡುವಿನ ಸಿಂಕ್ ಬಿಟ್ಟರೆ ಎರಡೂ ಒಂದೇ ಕ್ಷಣದಲ್ಲಿ ಆದಂತಾಗಿ ಕೆಲವು ಪ್ರೋಗ್ರಾಮ್‌ಗಳಿಗೆ ಏನೂ ಆಗದಂತೆಯೇ ಕಾಣುತ್ತದೆ.

ಬೇಕಾದವರನ್ನಷ್ಟೇ ಹಿಡಿಯುವ ಬಲೆ ಬೀಸಬೇಕು

ನಾನು ಮಾಡಿದ ತಪ್ಪು ಇದು, ಆದ್ದರಿಂದ ಖಚಿತವಾಗಿ ಹೇಳಬಲ್ಲೆ. ಲ್ಯಾಪ್‌ಟಾಪ್ ಮಾದರಿಯನ್ನು ಗುರುತಿಸಲು ಫರ್ಮ್‌ವೇರ್ ಕೊಡುವ ಡಿಎಂಐ ಹೆಸರು ಹೋಲಿಸುವ ಸಾಲು ಬರೆದಿದ್ದೆ. ಕರ್ನೆಲ್‌ನ ಸಾಮಾನ್ಯ ಡಿಎಂಐ ಹೋಲಿಕೆ ಪೂರ್ತಿ ಹೆಸರನ್ನು ನೋಡುವುದಿಲ್ಲ. ಕೊಟ್ಟ ತುಣುಕು ಹೆಸರಿನ ಒಳಗೆ ಎಲ್ಲಿದ್ದರೂ ಹೊಂದಿತು ಎನ್ನುತ್ತದೆ. ನನ್ನ ತುಣುಕು ಅದೇ ಸರಣಿಯ ಬೇರೊಂದು ಮಾದರಿಗೂ ಹೊಂದಿತು. ಅಲ್ಲಿ ಕೀಗಳು ಸರಿಯಾಗಿಯೇ ಇದ್ದವು, ನನ್ನ ಪ್ಯಾಚ್ ಅವನ್ನು ಕೆಡಿಸಿತು. ಪೂರ್ಣ ಹೋಲಿಕೆಗೆ ಬೇರೆಯೇ ಮ್ಯಾಕ್ರೋ ಇದೆ, ಅದನ್ನೇ ಬಳಸಿ. ತಯಾರಕರ ಹೆಸರೊಂದರಿಂದಲೇ ಹೊಂದಿಸಬೇಡಿ. ಡಿಎಂಐ ತುಂಬದೆ ‘ಡಿಫಾಲ್ಟ್ ಸ್ಟ್ರಿಂಗ್’, ‘ಟು ಬಿ ಫಿಲ್ಡ್ ಬೈ ಒಇಎಂ’ ಎಂದೇ ಬಿಟ್ಟಿರುವ ಬೋರ್ಡ್‌ಗಳು ಬಹಳ ಇವೆ. ಅವನ್ನು ಗುರುತಾಗಿ ಬಳಸಲೇಬಾರದು.

ಯುಎಸ್‌ಬಿಯ ವೆಂಡರ್, ಪ್ರಾಡಕ್ಟ್ ಐಡಿಗಳನ್ನೂ ಪೂರ್ತಿ ನಂಬುವಂತಿಲ್ಲ. ಡ್ರ್ಯಾಗನ್‌ರೈಸ್ ಚಿಪ್ ಹತ್ತಾರು ಹೆಸರಿನ ಗೇಮ್‌ಪ್ಯಾಡ್‌ಗಳೊಳಗಿದೆ. ವೈರ್‌ಲೆಸ್ ಮೌಸ್‌ನಲ್ಲಿ ನಿಮಗೆ ಕಾಣುವ ಐಡಿ ರಿಸೀವರ್‌ನದು, ಮೌಸ್‌ನದಲ್ಲ. ಆಪಲ್‌ನ ವೆಂಡರ್ ಐಡಿ ಹೊತ್ತು ಬರುವ ಬೇರೆ ಕಂಪನಿಗಳ ಕೀಬೋರ್ಡ್‌ಗಳಿವೆ. ಅವುಗಳ ಎಫ್ ಕೀಗಳೆಲ್ಲ ಧ್ವನಿ-ಬೆಳಕಿನ ಕೀಗಳಾಗಿ ಬಳಕೆದಾರರು ಪರದಾಡಿದ್ದರಿಂದಲೇ ಹಿಡ್-ಆಪಲ್ ಡ್ರೈವರ್‌ನ ಎಫ್‌ಎನ್ ಮೋಡ್‌ಗೆ ಸ್ವಯಂ ಗುರುತಿಸುವ ಆಯ್ಕೆ ಸೇರಿಸಬೇಕಾಯಿತು. ಐಡಿಯ ಜೊತೆಗೆ ಡಿಸ್ಕ್ರಿಪ್ಟರ್ ಬೈಟ್‌ಗಳನ್ನೂ ಹೋಲಿಸಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಬೂಟ್ ಸಾಲಿನಲ್ಲಿ ಯುಎಸ್‌ಬಿಹಿಡ್ ಕ್ವರ್ಕ್ ಕೊಡುವ ಸೌಲಭ್ಯವನ್ನು ಪರೀಕ್ಷೆಗೆ ಧಾರಾಳವಾಗಿ ಬಳಸಿ. ಅದರಲ್ಲಿ ನಾಲ್ಕು ಸಾಧನಗಳಿಗಷ್ಟೇ ಜಾಗ. ಪರೀಕ್ಷೆ ಮುಗಿದ ಮೇಲೆ ‘ಇದನ್ನೇ ಹಾಕಿಕೊಳ್ಳಿ’ ಎಂದು ಜನರಿಗೆ ಹೇಳಿ ಕೈತೊಳೆದುಕೊಳ್ಳಬಾರದು.

ಈ ಕೆಲವನ್ನು ಎಂದೂ ಮಾಡಬಾರದು

ಏನೆಂದು ತಿಳಿಯದ ಬಟನ್‌ಗೆ ಪವರ್ (116) ಅಥವಾ ಸ್ಲೀಪ್ (142) ಕೋಡ್ ಕೊಡಬಾರದು. ಪವರ್ ಕೀ ಬಂದರೆ ಲಾಗಿನ್‌ಡಿ ಹುಟ್ಟು ಸೆಟ್ಟಿಂಗ್‌ನಲ್ಲಿ ಯಂತ್ರವನ್ನೇ ಆರಿಸುತ್ತದೆ.

ಮುಂದೆ ಬೇಕಾಗಬಹುದು ಎಂದು ಇಲ್ಲದ ಬಟನ್‌ಗಳ ಬಿಟ್‌ಗಳನ್ನು ಹೊತ್ತಿಸಿಡಬಾರದು. ಯುಡೆವ್ ಆ ಬಿಟ್‌ಗಳನ್ನು ನೋಡಿಯೇ ಇದು ಕೀಬೋರ್ಡ್, ಇದು ಜಾಯ್‌ಸ್ಟಿಕ್ ಎಂದು ತೀರ್ಮಾನಿಸುತ್ತದೆ. ಆಟದಲ್ಲಿ ಪಾತ್ರ ತಾನೇ ಒಂದು ಕಡೆಗೆ ಓಡುತ್ತಿದ್ದರೆ, ಎಲ್ಲೋ ಒಂದು ಕೀಬೋರ್ಡ್ ಜಾಯ್‌ಸ್ಟಿಕ್ ಎಂದು ದಾಖಲಾಗಿದೆಯೇ ನೋಡಿ.

ಹೊಸ ಕೀ ಕೋಡ್ ಬೇಕೆಂದು ಕೇಳುವ ಮೊದಲು ಇರುವುದನ್ನು ಹುಡುಕಿ. ಪ್ರೋಗ್ರಾಮ್ ಕೀಗಳಿಗೆ ಪ್ರೋಗ್ 1ರಿಂದ 4, ಗೇಮಿಂಗ್ ಕೀಬೋರ್ಡ್‌ನ ಜಿ ಕೀಗಳಿಗೆ ಮ್ಯಾಕ್ರೋ 1ರಿಂದ 30, ಹೆಸರಿಲ್ಲದ ಜಾಯ್‌ಸ್ಟಿಕ್ ಬಟನ್‌ಗಳಿಗೆ ಟ್ರಿಗರ್ ಹ್ಯಾಪಿ 1ರಿಂದ 40 ಈಗಾಗಲೇ ಇವೆ. ಒಮ್ಮೆ ಸೇರಿದ ಸಂಖ್ಯೆಯನ್ನು ಮತ್ತೆ ತೆಗೆಯಲು ಬರುವುದಿಲ್ಲ.

ಸ್ವಿಚ್ ಅನ್ನು ಕೀ ಎಂದು, ಕೀಯನ್ನು ಸ್ವಿಚ್ ಎಂದು ಹೇಳಬಾರದು. ಮುಚ್ಚಳ, ಟ್ಯಾಬ್ಲೆಟ್ ಮೋಡ್ ಇವು ಇದ್ದಲ್ಲೇ ಇರುವ ಸ್ಥಿತಿಗಳು. ಮಡಚಲಾಗದ ಲ್ಯಾಪ್‌ಟಾಪ್ ತಾನು ಟ್ಯಾಬ್ಲೆಟ್ ಮೋಡ್‌ನಲ್ಲಿದ್ದೇನೆ ಎಂದು ಹೇಳಿದರೆ ಲಿಬ್‌ಇನ್‌ಪುಟ್ ಒಳಗಿನ ಕೀಬೋರ್ಡನ್ನೂ ಟಚ್‌ಪ್ಯಾಡನ್ನೂ ನಿಲ್ಲಿಸಿಬಿಡುತ್ತದೆ, ಲಾಗಿನ್ ಆಗಲೂ ದಾರಿಯಿರುವುದಿಲ್ಲ. ಫರ್ಮ್‌ವೇರ್ ಈ ವಿಷಯದಲ್ಲಿ ಸುಳ್ಳು ಹೇಳುವುದು ಎಷ್ಟು ಸಾಮಾನ್ಯವೆಂದರೆ, ಇಂಟೆಲ್-ವಿಬಿಟಿಎನ್ ಡ್ರೈವರ್ ಅನುಮತಿ ಪಟ್ಟಿಯನ್ನೇ ಇಟ್ಟುಕೊಂಡಿದೆ. ಡಿಎಂಐನಲ್ಲಿ 31 ಎಂದರೆ ಮಡಚುವ ಕವಚ, 32 ಎಂದರೆ ಬಿಡಿಸಬಹುದಾದ ಕವಚ. ಅಂಥ ಗುರುತು ಸಿಕ್ಕಲ್ಲಿ ಮಾತ್ರ ಅದು ಟ್ಯಾಬ್ಲೆಟ್ ಸ್ವಿಚ್ ಇದೆ ಎಂದು ಒಪ್ಪುತ್ತದೆ. ಅನುಮಾನವಿದ್ದರೆ ಸ್ವಿಚ್ ತೋರಿಸಬೇಡಿ.

ಕಳಿಸುವಾಗ

ಸಾಧನದ ಹೆಸರು, ಐಡಿ, ಡಿಸ್ಕ್ರಿಪ್ಟರ್ ಏನು ಹೇಳುತ್ತಿತ್ತು, ಒತ್ತಿದಾಗ ನಿಜವಾಗಿ ಏನು ಬರುತ್ತಿತ್ತು, ಪ್ಯಾಚ್ ಆದ ಮೇಲೆ ಏನು ಬರುತ್ತದೆ, ಇಷ್ಟನ್ನೂ ಕಮಿಟ್ ಸಂದೇಶದಲ್ಲೇ ಬರೆಯಿರಿ. ಹತ್ತು ವರ್ಷದ ನಂತರ ಆ ಸಾಲನ್ನು ತೆಗೆಯಬಹುದೇ ಎಂದು ಯೋಚಿಸುವವರಿಗೆ ಆಧಾರವಾಗಿ ಉಳಿಯುವುದು ಅದೊಂದೇ. ಪ್ರತಿ ಬಟನ್ ಅನ್ನೂ, ಸರಿಯಿದ್ದದ್ದನ್ನೂ ಸೇರಿಸಿ, ಒತ್ತಿ ನೋಡಿ. ಸ್ಲೀಪ್‌ಗೆ ಹಾಕಿ ಎಬ್ಬಿಸಿ ಮತ್ತೆ ಒತ್ತಿ. ಹಳೆಯ ಸ್ಥಿರ ಆವೃತ್ತಿಗಳಿಗೂ ಬೇಕೆನಿಸಿದರೆ ಸ್ಟೇಬಲ್‌ಗೆ ಗುರುತು ಹಾಕಿ. ಸಾಧನದ ಐಡಿ ಸೇರಿಸುವ ಚಿಕ್ಕ ಪ್ಯಾಚ್‌ಗಳನ್ನು ಅಲ್ಲಿ ಒಪ್ಪುತ್ತಾರೆ, ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು. ಒಂದು ಪ್ಯಾಚ್‌ನಲ್ಲಿ ಒಂದೇ ಎಡವಟ್ಟು.

ಉತ್ತರ ಬರಲು ವಾರಗಳಾಗಬಹುದು. ಮೇಂಟೇನರ್ ಕೇಳುವ ಪ್ರಶ್ನೆಗಳು ಕಿರಿಕಿರಿ ಎನಿಸಬಹುದು. ಬೈಟ್ ಎಣಿಕೆಯ ಪ್ರಶ್ನೆ ಬಂದರೆ ಸಿಟ್ಟಾಗದೆ ಮತ್ತೊಮ್ಮೆ ಎಣಿಸಿ. ಆ ಸಾಲುಗಳನ್ನು ಮುಂದೆ ಕಾಯುವವರು ಅವರು.

ಕೊನೆಯದಾಗಿ, ಪ್ಯಾಚ್ ಬರೆಯಲು ಬಾರದ ಓದುಗರಿಗೂ ಒಂದು ಕೋರಿಕೆ. ಕೈ ಅಲುಗಾಡಿಸಲಾಗದವರು ಒಂದೇ ದೊಡ್ಡ ಬಟನ್‌ನಿಂದ, ಪಾದದಿಂದ, ಗಲ್ಲದಿಂದ ಕಂಪ್ಯೂಟರ್ ಬಳಸುತ್ತಾರೆ. ಅಂಥ ಸಾಧನಗಳನ್ನು ಕರ್ನೆಲ್ ಕೆಲಸದವರು ಕಣ್ಣಲ್ಲಿ ಕಾಣುವುದು ಅಪರೂಪ. ನಿಮ್ಮ ಮನೆಯಲ್ಲೋ ನಿಮಗೆ ತಿಳಿದ ಶಾಲೆಯಲ್ಲೋ ಲಿನಕ್ಸ್‌ನಲ್ಲಿ ಸರಿಯಾಗಿ ನಡೆಯದ ಅಂಥ ಬಟನ್ ಇದ್ದರೆ, ಹಿಡ್-ರೆಕಾರ್ಡರ್‌ನಿಂದ ಐದು ನಿಮಿಷದ ದಾಖಲೆ ತೆಗೆದು, ಯಾವಾಗ ಯಾವ ಬಟನ್ ಒತ್ತಿದಿರಿ ಎಂದು ಪಕ್ಕದಲ್ಲಿ ಬರೆದು, ಇನ್‌ಪುಟ್ ವಿಭಾಗದ ಮೇಂಟೇನರ್‌ಗಳಿಗೆ ಕಳಿಸಿಕೊಡಿ.